ಮುಳ್ಳು ಏರಿತು, ಎಣ್ಣೆ ಏರಲಿಲ್ಲ

ನನ್ನ ಸೋದರಮಾವನಿಗೆ ತಲೆ ಸರಿಯಿಲ್ಲ ಎಂಬುದನ್ನು ನಾನು ನಾಲ್ಕೇ ನಿಮಿಷದಲ್ಲಿ ಸಾಬೀತು ಮಾಡಬಲ್ಲೆ. ಭಾಷಣದ ಸಮಯ ನೋಡಿ ಎಚ್ಚರಿಕೆಯ ಗಂಟೆ ಬಾರಿಸುವವರು ಆರಾಮವಾಗಿ ಕೂತಿರಬಹುದು. ಇಂಥ ಸವಾಲು ಹಾಕುವ ಅಧಿಕಾರ ನನಗಿದೆ. ಹಾವೇರಿಯ ನಮ್ಮ ಮನೆಯ ಕಪಾಟಿನ ಮೇಲೆ, ಟಿವಿಯ ಮೇಲೆ, ಜಾಗ ಸಾಲದೆ ಕೊನೆಗೆ ಜೋಳದ ಹಿಟ್ಟಿನ ಡಬ್ಬಿಯ ಮೇಲೂ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ತಂದ ಫಲಕಗಳು ನಿಂತಿವೆ. ದೇವರಿದ್ದಾನೆ ಎಂದವರನ್ನು ಸೋಲಿಸಿದ್ದೇನೆ. ಮರುವಾರ ಬೇರೆ ಕಾಲೇಜಿನಲ್ಲಿ ದೇವರಿಲ್ಲ ಎಂದವರನ್ನೂ ಸೋಲಿಸಿದ್ದೇನೆ! ಆದರೆ ಮಾಮಾನ ಮೇಲಿನ ಈ ವಾದವನ್ನು ಬರೆಯಲು ಕೂತಾಗಲೆಲ್ಲ ಮೊದಲು ನಗು ಬರುತ್ತದೆ, ಅದರ ಹಿಂದೆಯೇ ಕಿವಿ ಬಿಸಿಯಾಗುತ್ತದೆ. ನಗುವಿನ ಕಾರಣ ಮೊದಲು ಹೇಳಿಬಿಡುತ್ತೇನೆ. ಕಿವಿಯದ್ದು ತಾನಾಗಿ ಬರುತ್ತದೆ.

ಮಾಮಾ ಎಂದರೆ ಅವ್ವನ ಅಣ್ಣ. ನಮ್ಮ ಮನೆಯಿಂದ ಎರಡು ಓಣಿ ಆಚೆ ಇದ್ದಾರೆ. ಅವರದೊಂದು ಹಳೆಯ ಸರಕು ಟೆಂಪೋ. ಸುಗ್ಗಿಯಲ್ಲಿ ಹೊಸರಿತ್ತಿ ಕಡೆಯ ಹೊಲಗಳಿಂದ ಮೆಣಸಿನಕಾಯಿ ಚೀಲಗಳನ್ನು ಬ್ಯಾಡಗಿ ಮಾರುಕಟ್ಟೆಗೆ ಒಯ್ಯುವುದು, ಉಳಿದ ದಿನ ರಾಣೆಬೆನ್ನೂರಿನಿಂದ ಬಿತ್ತನೆ ಬೀಜದ ಚೀಲ ತರುವುದು ಅವರ ಕೆಲಸ. ಇಷ್ಟು ಕೇಳಿದರೆ ಸರಿಯಾದ ಮನುಷ್ಯರಂತೆಯೇ ಕಾಣುತ್ತಾರೆ, ಅಲ್ಲವೆ? ತಡೆಯಿರಿ.

ಬೆಳಗ್ಗೆ ಗಾಡಿ ಚಾಲೂ ಮಾಡಿದವರೇ ಮಾಮಾ ಸೀಟಿನಿಂದ ಕೆಳಗಿಳಿಯುತ್ತಾರೆ. ಎಂಜಿನ್ನಿನ ಪಕ್ಕದಲ್ಲಿ ಸಣ್ಣ ಚೊಂಬಿನ ಹಾಗೆ ಅಂಟಿಕೊಂಡಿರುವ ಎಣ್ಣೆ ಫಿಲ್ಟರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾರೆ. ದೂರದಿಂದ ನೋಡಿದವರು ಮಗುವಿನ ಜ್ವರ ನೋಡುತ್ತಿದ್ದಾರೆ ಎಂದುಕೊಳ್ಳಬೇಕು! ತಳದಲ್ಲಿ ಕೂತ ಎಣ್ಣೆಯನ್ನು ಪಂಪು ಎತ್ತಿ, ಫಿಲ್ಟರಿನ ಕಾಗದದ ಮೂಲಕ ಸೋಸಿ, ಮೇಲಿನ ಭಾಗಗಳಿಗೆ ಕಳಿಸುತ್ತದೆ. ಬಿಸಿಯಾದ ಎಣ್ಣೆ ಹಾದುಹೋಗತೊಡಗಿದರೆ ಆ ಡಬ್ಬಿಯೂ ಬೆಚ್ಚಗಾಗುತ್ತದೆ. ಬೆಚ್ಚಗಾಗುವ ತನಕ ಗಾಡಿ ಗೇಣು ಕೂಡ ಮುಂದೆ ಹೋಗುವಂತಿಲ್ಲ. ನಮ್ಮ ಅತ್ತೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಇದನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದಾರೆ.

"ನಾ ಜ್ವರ ಬಂದು ಮಲಗಿದ್ರ ಗುಳಿಗಿ ಅಲ್ಲೇ ಐತಿ ತಗೋ ಅಂತಾರ," ಎಂದು ನನ್ನ ಮುಂದೆ ಒಮ್ಮೆ ಹೇಳಿದರು. "ನನ್ನ ಹಣಿ ಮ್ಯಾಲೆ ಒಂದ ದಿನ ಕೈ ಇಟ್ಟಿಲ್ಲ ನೋಡವಾ."

"ನಿನಗ ಬಾಯಿ ಐತಿ, ನೀ ಹೇಳತಿ," ಎಂದರು ಮಾಮಾ, ಕಣ್ಣು ತೆರೆಯದೆ. "ಇದಕ್ಕ ಬಾಯಿ ಇಲ್ಲಲ್ಲ."

ಇದು ಮೊದಲನೆಯ ಸಾಕ್ಷ್ಯ. ಎರಡನೆಯದು ಅವರ ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವ ತಂತಿಯ ಮೇಲೆ ನೇತಾಡುತ್ತದೆ. ಎಣ್ಣೆ ಬದಲಿಸುವಾಗ ಲೋಕದ ಜನರೆಲ್ಲ ಹಳೆಯ ಫಿಲ್ಟರನ್ನು ಬಿಚ್ಚಿ ಎಸೆಯುತ್ತಾರೆ. ಮಾಮಾ ಅದನ್ನು ಕಬ್ಬಿಣ ಕೊಯ್ಯುವ ಗರಗಸದಿಂದ ಕೊಯ್ಯುತ್ತಾರೆ. ಒಳಗಿರುವ ಮಡಿಕೆ ಮಡಿಕೆಯ ಕಾಗದವನ್ನು ಹೊರತೆಗೆದು, ಹಿಂಡಿ, ಹರವಿ, ಬಿಸಿಲಿಗೆ ಹಿಡಿದು ಓದುತ್ತಾರೆ. ಹೌದು, ಓದುತ್ತಾರೆ! ಇಲ್ಲಿ ಮಸಿ ಹೆಚ್ಚಾಗಿದೆ, ಇಲ್ಲಿ ಧೂಳು ಹೊಕ್ಕಿದೆ, ಇಲ್ಲಿ ಮಿಂಚುವ ಚೂರಿದೆ ಎಂದರೆ ಒಳಗೆ ಲೋಹ ಸವೆಯುತ್ತಿದೆ, ಹೀಗೆ. ಓದಿಯಾದ ಮೇಲೆ ಮೂಲೆಯಲ್ಲಿ ತಾರೀಖು ಬರೆದು, ಕ್ಲಿಪ್ಪು ಹಾಕಿ, ಅತ್ತೆಯ ಸೀರೆ ಮತ್ತು ತಮ್ಮ ಬನಿಯನ್ನುಗಳ ನಡುವೆ ಒಣಗಲು ಬಿಡುತ್ತಾರೆ. ಒಣಗಿದವು ಟ್ರಂಕಿಗೆ ಹೋಗುತ್ತವೆ. ಗಾಡಿ ಕೊಂಡಾಗಿನಿಂದ ಬಿಚ್ಚಿದ ಫಿಲ್ಟರುಗಳಲ್ಲಿ ಒಂದನ್ನೂ ಅವರು ಎಸೆದಿರಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ.

ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗಿನ ಕತೆ ಕೇಳಿದರೆ ನಿಮಗೇ ತಿಳಿಯುತ್ತದೆ. ಒಳಗೆ ಉಪ್ಪಿಟ್ಟು, ಶಿರಾ ನಡೆದಿತ್ತು. ಹುಡುಗ ಹೊಳೆಯುವ ಮೋಟಾರ್ ಸೈಕಲ್ ಮೇಲೆ ಬಂದಿದ್ದ. ಹಿರಿಯರು ಹುಡುಗನ ಓದು, ನೌಕರಿ, ಹೊಲ ಎಲ್ಲ ವಿಚಾರಿಸುತ್ತಿರುವಾಗ ಮಾಮಾ ಕಾಣೆಯಾಗಿದ್ದರು. ಅರ್ಧ ತಾಸಿನ ಮೇಲೆ ಕೈಯಲ್ಲಿ ಕರ್ರಗಿನ ಕಾಗದದ ಸುರುಳಿ ಹಿಡಿದು ಒಳಗೆ ಬಂದರು. ಹುಡುಗನ ಗಾಡಿಯ ಫಿಲ್ಟರ್ ಬಿಚ್ಚಿದ್ದರು!

"ತಮ್ಮಾ, ಎಣ್ಣಿ ಯಾವಾಗ ಬದ್ಲ ಮಾಡಿದ್ದಿ?" ಎಂದು ಕೇಳಿದರು.

ಹುಡುಗ ತಬ್ಬಿಬ್ಬಾಗಿ, "ಶೋರೂಮಿನವರು ಏನರ ಮಾಡಿರಬೇಕ್ರಿ," ಎಂದ.

ಮಾಮಾ ಆ ಕಾಗದವನ್ನು ಶಿರಾದ ತಟ್ಟೆಯ ಪಕ್ಕ ಇಟ್ಟರು. "ಒರಸಿ ಒರಸಿ ಮ್ಯಾಲಷ್ಟ ಮಿಂಚಿಸ್ಯಾನ. ಒಳಗ ನೋಡ್ರಿ, ಡಾಂಬರ ಆಗೇತಿ. ಹುಡುಗಿ ಕೊಡೂದಿಲ್ಲ."

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬೀಗರಾಗಬೇಕಿದ್ದವರು ಶಿರಾ ಅರ್ಧಕ್ಕೆ ಬಿಟ್ಟು ಎದ್ದರು. ಆ ಹುಡುಗ ಸುತರಾಂ ಬೇಡವೆಂದು ಎರಡು ದಿನದಿಂದ ಅಳುತ್ತಿದ್ದ ಅಕ್ಕ ಮಾತ್ರ ಒಳಗಿನ ಬಾಗಿಲ ಸಂದಿಯಿಂದ ಮಾಮಾನಿಗೆ ಕೈಮುಗಿದದ್ದನ್ನು ನಾನೊಬ್ಬಳೇ ನೋಡಿದೆ.

ಮೂರನೆಯ ಸಾಕ್ಷ್ಯಕ್ಕೆ ಬ್ಯಾಡಗಿಗೆ ಹೋಗಬೇಕು. ಮೆಣಸಿನಕಾಯಿ ಮಾರುಕಟ್ಟೆಯ ಹೊರಗೆ ತಗಡಿನ ಚಪ್ಪರದ ಒಂದು ಚಹಾದಂಗಡಿ ಇದೆ. ಡ್ರೈವರುಗಳು, ಹಮಾಲರು, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಎಲ್ಲ ಅಲ್ಲಿ ಕೂಡುತ್ತಾರೆ. ಅಲ್ಲಿ ವಾದ ಹುಟ್ಟಿದರೆ ಅಲ್ಲೇ ಕೈ ಎತ್ತಿಸಿ ತೀರ್ಪು ಕೊಟ್ಟುಬಿಡುತ್ತಾರೆ. ಉಳಿದವರು ತೀರ್ಪನ್ನು ಚಹಾದ ಜೊತೆಗೇ ಕುಡಿದು ಮರೆಯುತ್ತಾರೆ. ಮಾಮಾನಿಗೆ ಅದು ಹೈಕೋರ್ಟು. ಒಮ್ಮೆ ಮಂಡಕ್ಕಿಯ ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಬೇಕೋ ಬೇಡವೋ ಎಂಬ ವಾದ ಬಂತಂತೆ. ಮಾಮಾ ಬೇಕು ಎಂದರು, ಸೋತರು. ಅಂದಿನಿಂದ ಒಂದು ವರ್ಷ ಉಳ್ಳಾಗಡ್ಡಿಯಿಲ್ಲದ ಗಿರ್ಮಿಟ್ ತಿಂದರು! ಮನೆಯಲ್ಲಿ, ಬೀಗರ ಮನೆಯಲ್ಲಿ, ಎಲ್ಲ ಕಡೆ. ಕೊನೆಗೆ ಎದುರು ವಾದಿಸಿದ್ದ ಡ್ರೈವರನೇ ಮರುಗಿ, ಅದೇ ಚಪ್ಪರದಡಿ ನಿಂತು "ನಂದ ತಪ್ಪಾತು" ಎಂದ ಮೇಲೆಯೇ ಉಳ್ಳಾಗಡ್ಡಿಗೆ ಕೈ ಹಾಕಿದ್ದು.

"ಸೋತ ಮ್ಯಾಲೆ ಗೆದ್ದವರ ಮಾತ ನಡಸಬೇಕು. ಇಲ್ಲಂದ್ರ ಮಾತಾಡಿ ಏನ ಉಪಯೋಗ?" ಇದು ಅವರ ಸಿದ್ಧಾಂತ. ಚರ್ಚಾಸ್ಪರ್ಧೆಗಳಲ್ಲಿ ಐದು ವರ್ಷ ಕಳೆದ ನನಗೆ ಇದಕ್ಕಿಂತ ಹಾಸ್ಯಾಸ್ಪದವಾದದ್ದು ಯಾವುದೂ ಕಂಡಿರಲಿಲ್ಲ. ಗೆದ್ದವರ ಮಾತು ನಡೆಸುವುದೆ? ಫಲಕ ತೆಗೆದುಕೊಂಡು ಮನೆಗೆ ಹೋಗುವುದಷ್ಟೇ ನಮಗೆ ಗೊತ್ತಿದ್ದದ್ದು!

ಸರಿ. ಸಾಕ್ಷ್ಯ ಮುಗಿಯಿತು. ಇನ್ನು ಕಿವಿಯ ವಿಷಯ.

ಜನವರಿಯ ಒಂದು ಬೆಳಗ್ಗೆ ರಾಣೆಬೆನ್ನೂರಿನಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆ ಇತ್ತು. ಒಂಬತ್ತೂವರೆಗೆ ಚೀಟಿ ಎತ್ತಿ ವಿಷಯ ಹಂಚುತ್ತಾರೆ, ಆಗ ಅಲ್ಲಿಲ್ಲದವರಿಗೆ ಪ್ರವೇಶವಿಲ್ಲ. ನಾನು ಬಸ್ಸಿಗೆ ಹೊರಟಿದ್ದೆ. ಮಾಮಾ ಬಿಡಲಿಲ್ಲ. "ನಾನೂ ಬೀಜದ ಚೀಲ ತರಾಕ ಅಲ್ಲೇ ಹೊಂಟೇನಿ. ಬಾರವಾ ವಕೀಲಬಾಯಿ, ಬಾಗಲ ಮುಂದ ಇಳಸತೇನಿ," ಎಂದರು. ಹತ್ತಿ ಕೂತೆ. ಗಾಡಿ ಚಾಲೂ ಆಯಿತು. ಮಾಮಾ ಕೆಳಗಿಳಿದರು!

ಮಾಮಾನ ಗಾಡಿಯಲ್ಲಿ ಹನುಮಪ್ಪನ ಪಟದ ಪಕ್ಕದಲ್ಲೇ ಎಣ್ಣೆಯ ಒತ್ತಡ ತೋರಿಸುವ ಒಂದು ಮೀಟರ್ ಇದೆ. ಅದನ್ನು ಗುಜರಿಯಿಂದ ತಂದು ತಾವೇ ಕೂರಿಸಿದ್ದಾರೆ. ಊದುಬತ್ತಿ ಬೆಳಗುವಾಗ ಎರಡಕ್ಕೂ ಸೇರಿಸಿಯೇ ಬೆಳಗುತ್ತಾರೆ. ಆ ಚಳಿಯಲ್ಲಿ ಮೀಟರಿನ ಮುಳ್ಳು ಸರ್ರನೆ ಮೇಲೇರಿ ನಿಂತಿತ್ತು.

"ಮಾಮಾ, ಮುಳ್ಳು ಮ್ಯಾಲೆ ಹೋತು. ನಡೀರಿ, ಹೊತ್ತಾತು!"

"ಮುಳ್ಳು ಹೋಗೇತಿ. ಎಣ್ಣಿ ಇನ್ನೂ ಹೋಗಿಲ್ಲ."

"ಒತ್ತಡ ಬಂದೈತಿ ಅಂದ್ರ ಎಣ್ಣಿ ಹರಿಯಾಕತ್ತೇತಿ ಅಂತ ಅಲ್ಲೇನ್ರಿ?"

"ಹುಚ್ಚಿ," ಎಂದರು ಮಾಮಾ ಪ್ರೀತಿಯಿಂದ. "ಸಂತಿ ದಿನ ಬಸ್ಸಿನ ಬಾಗಲದಾಗ ಒತ್ತಡ ಎಷ್ಟಿರತೈತಿ? ಒಳಗ ಎಷ್ಟ ಮಂದಿ ಹೋಗತಾರ?"

ಥಂಡಿಗೆ ಎಣ್ಣೆ ಗಟ್ಟಿಯಾಗಿರುತ್ತದೆ. ಪಂಪು ನೂಕುತ್ತದೆ, ಎಣ್ಣೆ ಜಗ್ಗುವುದಿಲ್ಲ, ಮುಳ್ಳು ಏರುತ್ತದೆ. ಏರಿದ ಮುಳ್ಳು ಎಷ್ಟು ಎಣ್ಣೆ ಹೋಯಿತೆಂದು ಹೇಳುವುದಿಲ್ಲ, ಹೋಗಲು ಎಷ್ಟು ಕಷ್ಟಪಡುತ್ತಿದೆ ಎಂದಷ್ಟೇ ಹೇಳುತ್ತದೆ. ಫಿಲ್ಟರಿನಲ್ಲಿ ತೀರಾ ಇಕ್ಕಟ್ಟಾದರೆ ಒಂದು ಸ್ಪ್ರಿಂಗಿನ ಬಾಗಿಲು ತೆರೆದುಕೊಂಡು ಎಣ್ಣೆ ಸೋಸದೆಯೇ ಒಳನುಗ್ಗುತ್ತದೆ. ಅದಕ್ಕೆ ಮಾಮಾ 'ಹಿತ್ತಲ ಬಾಗ್ಲ' ಎನ್ನುತ್ತಾರೆ. "ಏನೂ ಇಲ್ಲದ್ದಕ್ಕಿಂತ ಹೊಲಸ ಎಣ್ಣಿ ಆದರೂ ಹೋಗಲಿ ಅಂತ ಇಟ್ಟಾರ. ಆದರ ದಿನಾ ಹಿತ್ತಲ ಬಾಗ್ಲದಿಂದನ ಮಂದಿ ಬಂದ್ರ ಮನಿ ಏನಾಗಬೇಕು?" ಎಂದು ಅವರು ಫಿಲ್ಟರಿನ ಮೇಲೆ ಕೈಯಿಟ್ಟುಕೊಂಡೇ ನನಗೆ ಪಾಠ ಮಾಡುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. ಹೆದ್ದಾರಿಯಲ್ಲಿ ಮತ್ತೊಮ್ಮೆ ನಿಲ್ಲಿಸಿ ಮತ್ತೊಮ್ಮೆ ಮುಟ್ಟಿ ನೋಡಿದರು. ನಾನು ಸಭಾಂಗಣದ ಬಾಗಿಲಿಗೆ ಹೋದಾಗ ಚೀಟಿ ಎತ್ತಿ ಮುಗಿದಿತ್ತು. ಪ್ರೇಕ್ಷಕರ ನಡುವೆ ಕೂತು, ನನಗಿಂತ ದಡ್ಡರು ನನ್ನ ಫಲಕವನ್ನು ಒಯ್ಯುವುದನ್ನು ಕಣ್ಣಾರೆ ನೋಡಿದೆ.

ಆ ಸಿಟ್ಟನ್ನು ಒಂದು ವಾರ ಕಾಯ್ದಿಟ್ಟೆ.

ಮುಂದಿನ ಸೋಮವಾರ ಬ್ಯಾಡಗಿಯಲ್ಲಿ ಮಾರುಕಟ್ಟೆಯ ದಿನ. ರಜೆಯಿತ್ತು, ಮಾಮಾನ ಜೊತೆ ಹೋದೆ. ಹೋದದ್ದು ಮೆಣಸಿನಕಾಯಿ ನೋಡಲಿಕ್ಕಲ್ಲ ಎಂದು ನಿಮಗೆ ಬೇರೆ ಹೇಳಬೇಕೆ? ಮಾರುಕಟ್ಟೆಯ ಗೇಟಿನಿಂದ ಗಾಡಿಗಳ ಸಾಲು ಬೆಳೆದಿತ್ತು. ಚಪ್ಪರದಡಿ ಸೀನುವವರು ಸೀನುತ್ತ, ಕುಡಿಯುವವರು ಕುಡಿಯುತ್ತ ಇದ್ದರು. ಮಾಮಾನ ಗಾಡಿಯಲ್ಲಿ ಇತ್ತೀಚೆಗೆ ಎಂಜಿನ್ ಬಿಸಿಯಾದ ಮೇಲೆ ಮುಳ್ಳು ಕೆಳಗಿಳಿಯುತ್ತಿತ್ತು. ಎಂಜಿನ್ನಿಗೆ ವಯಸ್ಸಾಗಿತ್ತು, ಅಷ್ಟೆ. ನಾನು ಅದನ್ನೇ ಹಿಡಿದೆ. ಎಲ್ಲರಿಗೂ ಕೇಳುವಂತೆ ಹೇಳಿದೆ:

"ಮಾಮಾ, ನಿಮ್ಮ ಎಣ್ಣಿ ನೀರಿನಂಗ ಐತಿ. ಅದಕ್ಕ ಒತ್ತಡ ಇಲ್ಲ. ದಪ್ಪ ಎಣ್ಣಿ ಹಾಕ್ರಿ, ಬೆಳಿಗ್ಗೆ ಪೂಜಾ ಮಾಡಕೋತ ಕುಂದ್ರೂದೂ ತಪ್ಪತೈತಿ."

"ದಪ್ಪ ಎಣ್ಣಿ ಹಾಕಿದ್ರ ಮುಳ್ಳು ಏರತೈತಿ, ಖರೇ," ಎಂದರು ಮಾಮಾ. "ಬಿಪಿ ಏರಿದ್ರ ರಕ್ತ ಚಲೋ ಹರಿಯಾಕತ್ತೇತಿ ಅಂತ ಡಾಕ್ಟರ್ ಪೇಢೆ ಹಂಚತಾನೇನವಾ?"

ಚಪ್ಪರ ಗೊಳ್ಳೆಂದಿತು. ನಾನು ಬಿಡುವವಳೆ?

"ಬಿಪಿ ಇಳಿದ್ರ ಹಂಚತಾನೇನ್ರಿ? ನಿಮ್ಮ ಗಾಡೀದು ಇಳಿಯಾಕತ್ತೇತಿ! ಇಳಿದ ಮನಷ್ಯಾಗ ಗ್ಲುಕೋಸ್ ಏರಸಬೇಕೋ, ನೀರ ಕುಡಿಸಬೇಕೋ?"

ಈಗ ಇನ್ನೂ ದೊಡ್ಡ ನಗು. ತೊಟ್ಟು ಬಿಡಿಸುವ ಹೆಂಗಸರು ಕೆಲಸ ಬಿಟ್ಟು ಹತ್ತಿರ ಬಂದರು. ಅವರಲ್ಲಿ ಹಿರಿಯಳಾದ ಗಂಗವ್ವ ಸೊಂಟಕ್ಕೆ ಕೈಯಿಟ್ಟು, "ಬಿಡಬ್ಯಾಡ ನಮ್ಮವ್ವಾ!" ಎಂದಳು.

ಮಾಮಾ ಮಾತು ಬಿಟ್ಟು ಪ್ರಯೋಗಕ್ಕೆ ಇಳಿದರು. ಒಂದು ತಗಡು ತಂದು ಇಳಿಜಾರಾಗಿ ಇಟ್ಟರು. ಗಾಡಿಯಲ್ಲಿಟ್ಟಿದ್ದ ಡಬ್ಬಿಯಿಂದ ತಮ್ಮ ಎಣ್ಣೆಯದೊಂದು ಚಮಚ, ಪಕ್ಕದ ಟ್ರ್ಯಾಕ್ಟರಿನವನಿಂದ ಇಸಕೊಂಡ ಗೇರಿನ ಪೆಟ್ಟಿಗೆಯ ದಪ್ಪ ಎಣ್ಣೆಯದೊಂದು ಚಮಚ, ಎರಡನ್ನೂ ಒಟ್ಟಿಗೆ ತಗಡಿನ ತಲೆಯ ಮೇಲೆ ಸುರಿದರು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಅವರ ಎಣ್ಣೆ ಸರಸರನೆ ಹರಿದು ತಗಡಿನ ತುದಿ ಮುಟ್ಟಿತು. ದಪ್ಪ ಎಣ್ಣೆ ಬೆರಳುದ್ದ ಬಂದು, ಅಲ್ಲೇ ಕೂತು, ಯೋಚನೆ ಮಾಡತೊಡಗಿತು.

"ಈಗ ಹೇಳ್ರಿ," ಎಂದರು ಮಾಮಾ. "ಮುಂಜಾನೆದ್ದು ಎಂಜಿನ್ ತಿರುಗಿದಾಗ ಬೇರಿಂಗಿಗೆ ಮೊದಲ ಯಾರ ಮುಟ್ಟತಾರ?"

ಎಲ್ಲರೂ ತಗಡಿನ ಕಡೆ ಬಗ್ಗಿದರು. ಆ ಒಂದು ಕ್ಷಣ ನನಗೆ ಚೆನ್ನಾಗಿ ನೆನಪಿದೆ. ತಗಡಿನ ಮೇಲಿನ ಉತ್ತರ ನನ್ನ ಕಣ್ಣಿಗೂ ಕಾಣುತ್ತಿತ್ತು. ಮಾಮಾ ಹೇಳುತ್ತಿರುವುದು ಸರಿ ಎಂದು ನನಗೆ ಆಗಲೇ, ಅಲ್ಲೇ ಗೊತ್ತಾಯಿತು. ತಿಳಿಯದೆ ವಾದಿಸಿದೆ ಎಂದು ಬರೆಯಬಹುದಿತ್ತು. ಓದುವವರು ನಂಬುತ್ತಲೂ ಇದ್ದರು. ಆದರೆ ತಿಳಿದೇ ವಾದಿಸಿದೆ. ಐದು ವರ್ಷದ ತರಬೇತಿ ಎಂದರೆ ಸುಮ್ಮನೆಯೆ? ಸೋಲುವ ಸಾಕ್ಷ್ಯವನ್ನು ಎತ್ತಿಕೊಂಡು ತಿರುಗಿಸಿ ಹಿಡಿಯುವುದೇ ನಾವು ಕಲಿಯುವ ಮೊದಲ ವಿದ್ಯೆ!

"ನೋಡ್ರೀ ಎಲ್ಲಾರೂ," ಎಂದು ಚೀಲದ ಮೇಲೆ ಹತ್ತಿ ನಿಂತೆ. "ಒಂದು ಎಣ್ಣಿ ಕೆಲಸ ಬಿಟ್ಟು ಓಡಿಹೋತು. ಇನ್ನೊಂದು ಹಾಕಿದ ಜಾಗಾ ಹಿಡದು ನಿಂತೈತಿ. ನಿಮ್ಮ ಹೊಲಾ ಕಾಯಾಕ ಯಾರನ್ನ ಇಡತೀರಿ? ಓಡಿಹೋಗೂ ಮನಷ್ಯಾನ್ನೋ, ನಿಲ್ಲೂ ಮನಷ್ಯಾನ್ನೋ?"

"ನಿಲ್ಲೂವನ್ನ!" ಎಂದು ಗಂಗವ್ವ ಕೈ ಎತ್ತಿದಳು. ಅವಳ ಹಿಂದೆ ಹೆಂಗಸರ ಕೈ ಎಲ್ಲ ಎದ್ದವು. ಹಮಾಲರ ಕೈಗಳು ಆಮೇಲೆ ಎದ್ದವು. ಟ್ರ್ಯಾಕ್ಟರಿನವನಂತೂ ತನ್ನ ಎಣ್ಣೆ ಗೆದ್ದಿತೆಂದು ಎರಡೂ ಕೈ ಎತ್ತಿದ. ಜಗತ್ತಿನ ಬೇರೆಲ್ಲಾದರೂ ಎಂಜಿನ್ನಿಗೆ ಎಂಥ ಎಣ್ಣೆ ಹಾಕಬೇಕೆಂದು ಬಹುಮತದಿಂದ ನಿರ್ಧರಿಸಿದ್ದುಂಟೆ? ಓಟದಲ್ಲಿ ಸೋತ ಎಣ್ಣೆ ಚುನಾವಣೆಯಲ್ಲಿ ಗೆದ್ದಿತು!

ಮಾಮಾ ತಗಡನ್ನು ಒರೆಸಿಟ್ಟರು. ಆಮೇಲೆ ಮುಖ ಎತ್ತಿದರು. ನಗುತ್ತಿದ್ದರು.

"ನೋಡಿದ್ರೆಲ್ಲೋ? ನಮ್ಮ ಸೊಸಿ! ನನ್ನ ತಂಗಿ ಮಗಳು! ಮೂವತ್ತು ವರ್ಷ ಗಾಡಿ ಹೊಡದಾವನ್ನ ಐದು ನಿಮಿಷದಾಗ ಮಲಗಿಸಿದ್ಲು!" ಎಂದು ಎಲ್ಲರಿಗೂ ತಾವೇ ಚಹಾ ಹೇಳಿದರು.

ಮರುದಿನ ಅವರು ಗಾಡಿಯ ಎಣ್ಣೆ ಇಳಿಸಿ ದಪ್ಪ ಎಣ್ಣೆ ಹಾಕಿದ್ದನ್ನು ಅತ್ತೆ ಓಣಿಯಲ್ಲಿ ಸಿಕ್ಕು ಹೇಳಿದಾಗ ನನಗೆ ನಗು ಬಂತು. ಗೇರಿನ ಎಣ್ಣೆಯನ್ನು ಎಂಜಿನ್ನಿಗೆ! ಬೇಡ ಎಂದು ಓಡಿಹೋಗಿ ಹೇಳಬಹುದಿತ್ತು. ಎರಡೇ ಓಣಿ. ಹೋಗಲಿಲ್ಲ. ಸೋತವರು ಸೋತ ಹಾಗೆ ಇರಲಿ, ಎರಡು ದಿನದಲ್ಲಿ ತಾವೇ ಬದಲಿಸಿಕೊಳ್ಳುತ್ತಾರೆ ಅಂದುಕೊಂಡೆ. ಬದಲಿಸುವ ಮನುಷ್ಯರೆ ಅವರು? ಗಿರ್ಮಿಟ್ಟಿನ ಕತೆ ಮರೆತಿದ್ದೆನೆ? ಮರೆತಿರಲಿಲ್ಲ.

ಹತ್ತು ದಿನ ಮುಳ್ಳು ಬಹಳ ಚೆನ್ನಾಗಿ ಏರಿತು. ಹನ್ನೊಂದನೆಯ ದಿನ ಬೆಳಗ್ಗೆ, ಹೊಸರಿತ್ತಿಯ ರೈತರ ಚೀಲಗಳನ್ನು ಹೇರಿಕೊಂಡು ಬ್ಯಾಡಗಿಗೆ ಹೋಗುವಾಗ, ಮೋಟೆಬೆನ್ನೂರಿನ ಹತ್ತಿರ ಎಂಜಿನ್ನಿನ ಒಳಗಿನಿಂದ ಕಟಕಟ ಸದ್ದು ಬಂತಂತೆ. ಮಾಮಾ ನಿಲ್ಲಿಸುವಷ್ಟರಲ್ಲಿ ಅದು ತಾನೇ ನಿಂತಿತು. ಬೇರಿಂಗುಗಳು ಒಣಗಿ, ಉಜ್ಜಿ, ಹಿಡಿದುಕೊಂಡಿದ್ದವು. ಮೂವತ್ತು ವರ್ಷದಲ್ಲಿ ಮೊದಲ ಸಲ ಮಾಮಾನ ಗಾಡಿಯ ಚೀಲಗಳು ಬೇರೆಯವರ ಗಾಡಿ ಹತ್ತಿ ಮಾರುಕಟ್ಟೆಗೆ ಹೋದವು. ಹಗ್ಗ ಕಟ್ಟಿ ಎಳೆದು ತಂದ ಟೆಂಪೋವನ್ನು ನೋಡಲು ಓಣಿಯೆಲ್ಲ ಕೂಡಿತು. ನಾನೂ ಇದ್ದೆ.

ಮಾಮಾ ಫಿಲ್ಟರ್ ಬಿಚ್ಚಿದರು, ಕೊಯ್ದರು. ಕಾಗದದ ಮಡಿಕೆಗಳೆಲ್ಲ ನಡುವಿಗೆ ಹಿಸುಕಿಹೋಗಿ ಒಂದಕ್ಕೊಂದು ಅಂಟಿದ್ದವು. ಬಿಡಿಸಿ ಬಿಸಿಲಿಗೆ ಹಿಡಿದಾಗ ಅದರ ತುಂಬ ತಾಮ್ರದ ಬಣ್ಣದ ಪುಡಿ ಮಿಂಚಿತು. ಮಾಮಾ ಒಮ್ಮೆ ನೋಡಿ ಮಡಚಿಟ್ಟರು. ತಂತಿಗೆ ಹಾಕಲಿಲ್ಲ.

"ಏನಾತೋ ಅಣ್ಣಾ?" ಎಂದು ಅವ್ವ ಗಾಬರಿಯಿಂದ ಕೇಳಿದಳು. "ಇಷ್ಟ ಜ್ವಾಕಿ ಮಾಡತಿದ್ದೆಲ್ಲ!"

ಮಾಮಾ ಕೈ ಒರೆಸಿಕೊಳ್ಳುತ್ತ ಹೇಳಿದರು: "ಈ ಸಲ ಎಣ್ಣಿ ಬದ್ಲ ಮಾಡೂದು ಮರ್ತಬಿಟ್ಟಿದ್ನವಾ. ವಯಸ್ಸಾತು."

ಮರೆತರಂತೆ! ಪ್ರತಿ ಫಿಲ್ಟರಿನ ಮೂಲೆಯಲ್ಲಿ ತಾರೀಖು ಬರೆಯುವ ಮನುಷ್ಯ! ಅವರು ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಇಡೀ ಓಣಿ ಅಲ್ಲಿತ್ತು, ಬಾಯಿ ತೆರೆಯಲು ನನಗೆ ಒಂದು ನಿಮಿಷವಾದರೂ ಸಮಯವಿತ್ತು. ಅತ್ತೆ ಕೊಟ್ಟ ಚಹಾದ ಲೋಟದೊಳಗೆ ಬಿದ್ದ ಇರುವೆಯನ್ನು ಬೆರಳಿನಿಂದ ತೆಗೆಯುತ್ತ ಕೂತೆ.

ಎಂಜಿನ್ನು ರಾಣೆಬೆನ್ನೂರಿನ ಗ್ಯಾರೇಜಿಗೆ ಹೋಯಿತು. ಬಿಡಿಭಾಗ ಬರಬೇಕು, ಕೊರೆಯಬೇಕು, ಜೋಡಿಸಬೇಕು. ಮೂರು ವಾರ. ಅದೂ ತುಂಬು ಸುಗ್ಗಿಯ ಮೂರು ವಾರ. ಮಾಮಾ ಬೇರೆಯವರ ಗಾಡಿಗಳಲ್ಲಿ ಚೀಲ ಹೇರಲು, ಇಳಿಸಲು ಹೋದರು. ಒಂದು ಬೆಳಗ್ಗೆ ಕಾಲೇಜಿನ ಬಸ್ಸಿನ ಕಿಟಕಿಯಿಂದ ಕಂಡರು. ಚಿಕ್ಕ ವಯಸ್ಸಿನ ಡ್ರೈವರನೊಬ್ಬ ಗಾಡಿ ಚಾಲೂ ಮಾಡಿದ ಕೂಡಲೇ ಗೇರು ಹಾಕಿದ್ದ. ಮಾಮಾ ಅಭ್ಯಾಸಬಲದಿಂದ ಎಂಜಿನ್ನಿನ ಕಡೆ ಕೈ ಚಾಚಿದ್ದರು. "ಕಾಕಾ, ಹತ್ತೂದಾದ್ರ ಲಗೂ ಹತ್ರಿ, ಇಲ್ಲಂದ್ರ ಬಿಟ್ಟು ಹೊಂಟೆ!" ಎಂದು ಅವನು ಕೂಗಿದ. ಮಾಮಾ ಹಿಂದೆ ಓಡಿ ಚೀಲಗಳ ಮೇಲೆ ಹತ್ತಿ ಕೂತರು. ನಾನು ಕಿಟಕಿಯಿಂದ ಮುಖ ಸರಿಸಿಕೊಂಡೆ.

ಅದೇ ವಾರ ನಾನೊಂದು ಫಲಕ ಗೆದ್ದೆ. ವಿಷಯ: ಯುವಜನರಲ್ಲಿ ಪ್ರಾಮಾಣಿಕತೆ ಕುಸಿಯುತ್ತಿದೆ. ನನ್ನ ಪಾಲಿಗೆ ಬಂದದ್ದು ವಿರೋಧದ ಪಕ್ಷ. ಕುಸಿದಿಲ್ಲ ಎಂದು ಆರು ನಿಮಿಷ ಗುಡುಗಿ ಮೊದಲ ಬಹುಮಾನ ತಂದೆ! ಆ ಫಲಕವನ್ನು ಹಿಟ್ಟಿನ ಡಬ್ಬಿಯ ಮೇಲೂ ಇಡಲಾಗದೆ ಮಂಚದ ಕೆಳಗೆ ತಳ್ಳಿದ್ದೇನೆ. ಕಸ ಗುಡಿಸುವಾಗ ಅವ್ವ ದಿನವೂ ಅದನ್ನು ಈಚೆ ತೆಗೆಯುತ್ತಾಳೆ.

ಎಂಜಿನ್ ಮರಳಿ ಬಂದು ಗಾಡಿಗೆ ಕೂತಿತು. ಎಣ್ಣೆ ಹಾಕುವುದೊಂದು ಬಾಕಿ. ಆ ಭಾನುವಾರ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಗೋಡೆಯ ಪಕ್ಕ ಒಂದು ಡಬ್ಬಿ ಇತ್ತು. ಅದೇ ದಪ್ಪ ಎಣ್ಣೆ!

"ಮಂಗಳವಾರ ಇದನ್ನ ಹಾಕತಾರಂತವಾ. ಮತ್ತ ಹಾಳ ಆಗತೈತಿ ಅಂತ ನನಗೂ ಗೊತ್ತೈತಿ, ಅವರಿಗೂ ಗೊತ್ತೈತಿ. ಕೇಳಿದ್ರ, ಚಪ್ಪರದಾಗ ಸೋತೇನಿ, ಗೆದ್ದವರ ಮಾತ ನಡಸಬೇಕು ಅಂತಾರ. ಇನ್ನೊಮ್ಮೆ ಎಂಜಿನ್ ಹೋದ್ರ ಗಾಡಿ ಗುಜರಿಗೇನ. ನೀ ಓದಿದಾಕಿ, ನೀನರ ತಿಳಿಸಿ ಹೇಳು."

ನಾನು ಗಂಟಲು ಸರಿಮಾಡಿಕೊಂಡು, "ಆ ಫಿಲ್ಟರಿನ ಕಾಗದ ಎಲ್ಲಿ ಐತ್ರಿ ಅತ್ತಿ? ಅದನ್ನ ತೋರಿಸಿ ಹೇಳಿದ್ರ..." ಎಂದೆ.

"ಅದನ್ನ ಬಚ್ಚಲದ ಒಲಿಗೆ ಹಾಕಿದ್ರು. ನಾನೂ ಬೆರಗಾದೆ ನೋಡು. ಇಷ್ಟ ವರ್ಷದಾಗ ಒಂದೂ ಒಗದಿರಲಿಲ್ಲ. ಯಾಕ್ರಿ ಅಂದ್ರ, ಇದು ಯಾರ ಕಣ್ಣಿಗೂ ಬೀಳೂದು ಬ್ಯಾಡ, ಹುಡುಗೀ ಹೆಸರ ಕೆಡತೈತಿ ಅಂದ್ರು. ಯಾವ ಹುಡುಗಿ, ಏನ ಹೆಸರೋ, ನನಗಂತೂ ತಿಳೀಲಿಲ್ಲ."

ನನಗೆ ತಿಳಿಯಿತು. ಒಳಗೆ ಹೋಗಿ ಮಾಮಾನ ಮುಂದೆ ನಿಂತೆ.

"ಮಾಮಾ, ಅವತ್ತ ನಾ ಹೇಳಿದ್ದು ತಪ್ಪು. ತೆಳ್ಳನ ಎಣ್ಣಿ ಹಾಕ್ರಿ."

"ಇಲ್ಲಿ ಅಂದ್ರ ಏನ ಬಂತವಾ? ಸೋತದ್ದ ಅಲ್ಲಿ," ಎಂದರು ಮಾಮಾ. ಗದರಿಕೆಯಿಲ್ಲ, ಕೊಂಕಿಲ್ಲ. ಲೆಕ್ಕದ ಮಾಸ್ತರರು ಸೂತ್ರ ಹೇಳಿದ ಹಾಗೆ ಹೇಳಿದರು. "ಮತ್ತ ನೀ ಅಲ್ಲಿ ಹೋಗೂದೂ ಬ್ಯಾಡ. ಗೆದ್ದಾಕಿ ನೀ. ಮಂದ್ಯಾಗ ಯಾಕ ತಲಿ ತಗ್ಗಸತಿ?"

ಸೋಮವಾರ ಅವರು ಹತ್ತಿದ ಬಸ್ಸನ್ನೇ ಹತ್ತಿದೆ. ಬ್ಯಾಡಗಿಯಲ್ಲಿ ಅವರ ಹಿಂದೆಯೇ ಇಳಿದೆ. ಚಪ್ಪರದಡಿ ಅದೇ ಜನ, ಅದೇ ಸೀನು. ನನ್ನನ್ನು ಕಂಡು ಹಮಾಲರು, "ಬಂದ್ಲಪೋ ವಕೀಲಬಾಯಿ!" ಎಂದು ಜಾಗ ಬಿಟ್ಟುಕೊಟ್ಟರು. ಈ ಸಲ ಚೀಲದ ಮೇಲೆ ಹತ್ತಲಿಲ್ಲ. ನೆಲದ ಮೇಲೆ ನಿಂತೇ ಹೇಳಿದೆ.

"ಅವತ್ತ ತಗಡಿನ ಮ್ಯಾಲೆ ಮಾಮಾನ ಎಣ್ಣಿನ ಗೆದ್ದಿತ್ತು. ನನಗ ಅದು ಗೊತ್ತಿತ್ತು. ಗೊತ್ತಿದ್ದೂ ಮಾತು ತಿರುವಿದೆ. ಅವರು ನನ್ನ ಮಾತಿಗೆ ದಪ್ಪ ಎಣ್ಣಿ ಹಾಕಿ ಎಂಜಿನ್ ಕಳಕೊಂಡ್ರು. ಮರ್ತಿದ್ದೆ ಅಂತ ಎಲ್ಲಾರ ಮುಂದ ಸುಳ್ಳು ಹೇಳಿದ್ರು. ತಪ್ಪು ನಂದು. ಈ ತೀರ್ಪು ತಿರುಗಿಸ್ರಿ."

ಯಾರೂ ನಗಲಿಲ್ಲ. ಗಂಗವ್ವ ತೊಟ್ಟು ಬಿಡಿಸುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ಯಾವ ಎಣ್ಣಿ ಹರೀತು ಅಂತ ನಮಗ ಕಣ್ಣಿದ್ದಿಲ್ಲೇನವಾ? ಹೆಣ್ಣಹುಡುಗಿ ಗಂಡಸರ ನಡುವ ನಿಂತು ಮಾತಾಡಾಕತ್ತೇತಿ, ಗೆಲ್ಲಲಿ ಅಂತ ಕೈ ಎತ್ತಿದ್ವಿ. ಈ ಮನಷ್ಯಾ ಖರೇನ ಹೋಗಿ ಹಾಕತಾನ ಅಂತ ಯಾರಿಗೆ ಗೊತ್ತು!"

ನೋಡಿ! ಆ ಒಂದು ಗೆಲುವಾದರೂ ನನ್ನದೆಂದು ಇಟ್ಟುಕೊಳ್ಳುವಂತಿರಲಿಲ್ಲ. ನೆಲ ಬಿರಿಯಬಾರದೆ ಎಂದುಕೊಳ್ಳುತ್ತಿರುವಾಗ ಹಿಂದಿನಿಂದ ಮಾಮಾನ ದನಿ ಬಂತು.

"ಹಂಗ ಅನಬ್ಯಾಡ ಗಂಗವ್ವಾ. ಹುಡುಗಿ ಚಲೋನ ಮಾತಾಡಿತ್ತು. ಎಂಜಿನ್ ಹೆಂಗೂ ಹಳೇದಿತ್ತು. ಮುಳ್ಳು ಇಳೀತಿದ್ದದ್ದೂ ಖರೇ. ದಪ್ಪ ಎಣ್ಣಿ ಹಾಕಿದ್ರ ಏರತೈತಿ ಅಂದ್ಲು, ಏರಿತಲ್ಲ?"

ನನ್ನ ಪರವಾಗಿ ವಾದಿಸುತ್ತಿದ್ದರು! ಅದೂ ಎಷ್ಟು ಚೆನ್ನಾಗಿ! ಟ್ರ್ಯಾಕ್ಟರಿನವನು ಆಗಲೇ ತಲೆಯಾಡಿಸತೊಡಗಿದ್ದ. ಇನ್ನೆರಡು ಮಾತಾಡಿದ್ದರೆ ನಾನು ಮತ್ತೆ ಗೆದ್ದುಬಿಡುತ್ತಿದ್ದೆ. ಜೀವನದಲ್ಲಿ ಮೊದಲ ಸಲ ಸೋಲುವುದಕ್ಕಾಗಿ ವಾದಿಸಬೇಕಾಯಿತು. "ಮುಳ್ಳು ಏರಿತು, ಎಣ್ಣಿ ಏರಲಿಲ್ಲ. ಇದು ನಿಮ್ಮದ ಮಾತು, ಮಾಮಾ!" ಎಂದು ಕೂಗಿದೆ. ಕಣ್ಣು ಒರೆಸಿಕೊಂಡೆ. ಅದು ಮೆಣಸಿನಕಾಯಿಯ ಘಾಟು ಎಂದು ಹೇಳಿದರೆ ಬ್ಯಾಡಗಿಯಲ್ಲಿ ಯಾರೂ ಪ್ರಶ್ನಿಸುವುದಿಲ್ಲ, ಅಷ್ಟು ಅನುಕೂಲ. ಗಂಗವ್ವ ಕೈ ಎತ್ತಿದಳು. ಉಳಿದವರೂ ಎತ್ತಿದರು. ಟ್ರ್ಯಾಕ್ಟರಿನವನು ಕೊನೆಗೆ ಒಂದೇ ಕೈ ಎತ್ತಿದ.

ಅವ್ವನಿಗೆ ಇನ್ನೂ ಹೇಳಿಲ್ಲ. ಅಣ್ಣನಿಗೆ ಮರೆವು ಬಂದಿದೆ ಎಂದೇ ನಂಬಿದ್ದಾಳೆ, ದಿನವೂ ಬಾದಾಮಿ ನೆನೆಸಿ ಕಳಿಸುತ್ತಿದ್ದಾಳೆ. ಇದು ಅಚ್ಚಾದರೆ ಓದುತ್ತಾಳೆ.

ಮಂಗಳವಾರ ಬೆಳಗ್ಗೆ ಮಾಮಾನ ಮನೆಗೆ ಹೋದೆ. ಹೊಸ ಫಿಲ್ಟರನ್ನು ನನ್ನ ಕೈಗೆ ಕೊಟ್ಟು, ಅದರೊಳಗೆ ತೆಳ್ಳನೆಯ ಎಣ್ಣೆ ಸುರಿಯಲು ಹೇಳಿದರು. ಸುರಿದಷ್ಟೂ ಕಾಗದ ಹೀರುತ್ತಿತ್ತು. "ಸಾವಕಾಶ. ಮೊದಲ ಅದು ಕುಡೀಲಿ," ಎಂದರು. ಕೂರಿಸಿ, ಬಿಗಿದು, ಚಾಲೂ ಮಾಡಿದರು. ಮುಳ್ಳು ಸರ್ರನೆ ಏರಿತು. ನಾನು ಅದರ ಕಡೆ ನೋಡಲಿಲ್ಲ. ಅತ್ತೆ ಅಕ್ಕಿಯ ಮೊರ ಕೆಳಗಿಟ್ಟು ನೋಡುತ್ತಿದ್ದರು. ಮಾಮಾ ಕೆಳಗಿಳಿದು ಬಂದು, ನನ್ನ ಕೈ ಹಿಡಿದು ಫಿಲ್ಟರಿನ ಮೇಲೆ ಇಟ್ಟು, ಅದರ ಮೇಲೆ ತಮ್ಮ ಅಂಗೈ ಇಟ್ಟರು. ಕೆಳಗೆ ತಗಡು ತಣ್ಣಗಿತ್ತು. ಮೇಲೆ ಅವರ ಕೈ ಒರಟಾಗಿ, ಬೆಚ್ಚಗಿತ್ತು.

"ಬಂತೇನವಾ?"

"ಇನ್ನೂ ಇಲ್ರಿ."

"ಕಾಲೇಜಿಗೆ ಹೊತ್ತಾಗತೈತಿ ನಿನಗ. ನೀ ಹೋಗು, ನಾ ನೋಡತೇನಿ."

"ಇರಲಿ ಮಾಮಾ," ಎಂದೆ. "ಬರಲಿ."